ಕಾರಣಿಕ ಮುಗಿಯಲಿ ಎಂದೆ

ದೇವರಗುಡ್ಡದಲ್ಲಿ ದಸರೆಯೆಂದರೆ ಮಾಲತೇಶನ ಕಾರಣಿಕ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಅಷ್ಟೂ ಜನ ಗಪ್ಪಾಗುತ್ತಾರೆ. ಆಮೇಲೆ ಬೀಳುವ ಒಂದು ಮಾತಿನಲ್ಲೇ ವರ್ಷದ ಮಳೆ, ಬೆಳೆ, ರಾಜಕೀಯವನ್ನೆಲ್ಲ ಹುಡುಕುತ್ತೇವೆ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದದ್ದು ಅದರ ಮುಂಚಿನ ವಾರ.

ರಾಣೆಬೆನ್ನೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ತೊಡೆಯೆಲುಬು ಟೊಂಕದ ಹತ್ತಿರ ಮುರಿದಿತ್ತು. ಇವತ್ತೇ ದಾವಣಗೆರೆಗೋ ಹುಬ್ಬಳ್ಳಿಗೋ ಒಯ್ಯಿರಿ ಎಂದರು ವೈದ್ಯರು. ‘ಕಾರಣಿಕ ಕೇಳೇ ಹೋಗ್ತೀನಿ’ ಎಂದಳು ಅವ್ವ. ನಾನು ಹೂಂ ಎಂದೆ. ಅವಳ ಮಾತಿಗೆ ಬೆಲೆ ಕೊಟ್ಟೆನೆಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ನಿಜವೆಂದರೆ, ಮನೆತುಂಬ ಬೀಗರಿದ್ದಾಗ ಆಸ್ಪತ್ರೆಯ ಓಡಾಟ ನನಗೇ ಬೇಡವಾಗಿತ್ತು. ನಾಟಿ ವೈದ್ಯರೊಬ್ಬರು ಪಟ್ಟು ಕಟ್ಟಿದರು. ನೋವಿನ ಗುಳಿಗೆ ನುಂಗಿ ಅವ್ವ ಸುಮ್ಮನೆ ಮಲಗಿದ್ದಳು. ಮುರಿದ ಎಲುಬು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ.

ಎಲುಬು ಅಲ್ಲೇ ಇತ್ತು. ಕೆಡುತ್ತ ಹೋದದ್ದು ಉಳಿದ ಮೈ. ಅಂಗಾತ ಮಲಗಿದ ವೃದ್ಧರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನು ಹುಣ್ಣಾಗಬಹುದು, ಬುದ್ಧಿ ಮಂಕಾಗಬಹುದು. ಕಾರಣಿಕದ ಹೊತ್ತಿಗೆ ಅವ್ವ ಎಂದೋ ತೀರಿಹೋದ ತನ್ನ ಅಣ್ಣನನ್ನು ಕೂಗಿ ಕರೆಯುತ್ತಿದ್ದಳು. ಯಾವ ಮಾತಿಗಾಗಿ ಕಾದಿದ್ದಳೋ ಅದನ್ನು ಕಿವಿಯ ಹತ್ತಿರ ಹೇಳಿದರೂ ಅವಳಿಗೆ ತಿಳಿಯಲಿಲ್ಲ. ದಾವಣಗೆರೆಯಲ್ಲಿ ಕಫ ಇಳಿಯುವ ತನಕ ಅರಿವಳಿಕೆ ಕೊಡುವಂತಿರಲಿಲ್ಲ, ಮತ್ತೆ ಕಾಯಬೇಕಾಯಿತು.

ಇಂಥ ಆಪರೇಷನ್ ದಾಖಲಾದ ದಿನ ಅಥವಾ ಮರುದಿನವೇ ಆಗಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿ. 2020ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ‘ಹಿಪ್ ಅಟ್ಯಾಕ್’ ಅಧ್ಯಯನದಲ್ಲಿ 17 ದೇಶಗಳ 2,970 ರೋಗಿಗಳಿದ್ದರು. ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಶಸ್ತ್ರಚಿಕಿತ್ಸೆ. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಆದರೆ ಬೇಗ ಆದವರಲ್ಲಿ ಬುದ್ಧಿಭ್ರಮೆ ಕಡಿಮೆ, ಎದ್ದು ನಿಂತದ್ದೂ ಬೇಗ. ಓದಿದಾಗ ಮೊದಲು ಸಮಾಧಾನವಾಯಿತು. ಆಮೇಲೆ ಹೊಟ್ಟೆ ತೊಳಸಿತು: ಅವರಲ್ಲಿ ತಡವೆಂದರೇ ಒಂದು ದಿನ.

ತಡವೆಲ್ಲ ಕೆಟ್ಟದ್ದೇನಲ್ಲ. ರಕ್ತ ತೆಳುವಾಗಿಸುವ ಗುಳಿಗೆಯ ಪರಿಣಾಮ ಇಳಿಸಲು, ಹೃದಯವನ್ನು ಹದಕ್ಕೆ ತರಲು ವೈದ್ಯರು ಕಾಯಿಸುತ್ತಾರೆ. ಆ ಹೊತ್ತು ರೋಗಿಯ ಮೈಗಾಗಿಯೇ ಖರ್ಚಾಗುತ್ತದೆ. ನಾನು ಕಾಯಿಸಿದ ದಿನಗಳಿಂದ ಅವ್ವನ ಮೈಗೆ ಏನೂ ದಕ್ಕಲಿಲ್ಲ.

ಅವ್ವ ಬದುಕಿದಳು. ವಾಕರ್ ಹಿಡಿದು ಪಡಸಾಲೆಯವರೆಗೆ ಬರುತ್ತಾಳೆ, ಗುಡ್ಡ ಹತ್ತಲಾರಳು. ವಯಸ್ಸಾಯ್ತಲ್ಲ ಎನ್ನುತ್ತಾನೆ ತಮ್ಮ. ಬೀಳುವ ಹಿಂದಿನ ದಿನ ಅವಳು ಮೆಣಸಿನ ಹೊಲದಲ್ಲಿ ಕಳೆ ತೆಗೆದು ನಡೆದೇ ಮನೆಗೆ ಬಂದಿದ್ದಳು.