ಚಿತ್ರ ನನ್ನದು, ಮುಖ ಯಾರದು?

2024ರ ನವೆಂಬರಿನ ಒಂದು ಬೆಳಿಗ್ಗೆ ದಾವಣಗೆರೆಯ ಚಿಕ್ಕಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಜಾಹೀರಾತು ಹಾಕಿದರು. ಕೆಳಗೆ ಒಂದೇ ಸಾಲು: "ಇದು ನೀನು ತೆಗೆದ ಫೋಟೊ ಅಲ್ವೇನೋ?"

ಹೌದು, ನಾನೇ ತೆಗೆದದ್ದು. ವಿಮೆ ಮಾರಿಸುವ ಒಂದು ಆನ್‌ಲೈನ್ ಕಂಪನಿಯ ಕನ್ನಡ ಜಾಹೀರಾತು ಅದು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಟಾರ್ಪಾಲಿನ ಗುಡಾರದ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಒಂದು ಹೆಸರು, ಉತ್ತರ ಕರ್ನಾಟಕದ ಒಂದು ಊರು. ಪ್ರವಾಹದಲ್ಲಿ ಎಲ್ಲ ಹೋದರೂ ವಿಮೆಯ ಹಣ ಕೈಗೆ ಬಂತು, ಈಗ ನೆಮ್ಮದಿಯಾಗಿದ್ದೇನೆ ಎಂದು ಆಕೆಯೇ ಹೇಳಿದ ಹಾಗೆ ಮೂರು ಸಾಲು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ಚಿತ್ರವನ್ನು ಎಡಬಲ ತಿರುಗಿಸಿದ್ದರು. ಹಾಗೆ ತಿರುಗಿಸಿದಾಗ ಟಾರ್ಪಾಲಿನ ಮೇಲಿನ ಹಿಂದಿ ಅಕ್ಷರಗಳು ಉಲ್ಟಾ ಕಂಡಿರಬೇಕು, ಅದನ್ನೂ ಅಳಿಸಿದ್ದರು.

ಆ ಚಿತ್ರದ ಕಥೆ ಹೀಗೆ. ನಾನಿರುವುದು ದೆಹಲಿಯ ಮಯೂರ್ ವಿಹಾರ್ ಫೇಸ್ ಒಂದರಲ್ಲಿ. ಹೆದ್ದಾರಿ ದಾಟಿದರೆ ಯಮುನೆಯ ಬಯಲು. ಇಲ್ಲಿನವರು ಅದನ್ನು ಖಾದರ್ ಎನ್ನುತ್ತಾರೆ. ಹೊಳೆ ತಂದು ಹಾಕಿದ ಮಣ್ಣಿನಲ್ಲಿ ಮೂಲಂಗಿ, ಪಾಲಕ್, ಹೂಕೋಸು ಬೆಳೆಯುವವರ ಜೋಪಡಿಗಳು ಅಲ್ಲಿವೆ. ನಮ್ಮ ಸಂತೆಯ ತರಕಾರಿ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿತು. ಅದಕ್ಕೆ ಹಿಂದಿನ ದಾಖಲೆ 1978ರದ್ದು, 207.49 ಮೀಟರ್. ಖಾದರ್ ಮುಳುಗಿತು. ಅಲ್ಲಿದ್ದವರೆಲ್ಲ ಎಮ್ಮೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಸಮೇತ ನಮ್ಮ ರಸ್ತೆಯ ಬದಿಗೆ ಬಂದರು.

ನಾನು ನೀರಿನ ಬಾಟಲಿ, ಬಿಸ್ಕತ್ತು ಹಿಡಿದು ಹೋದವನು. ಕ್ಯಾಮೆರಾ ಕೂಡ ಹೆಗಲ ಮೇಲಿತ್ತು, ಸುಳ್ಳು ಹೇಳುವುದಿಲ್ಲ. ಉತ್ತರ ಪ್ರದೇಶದ ಬದಾಯೂಂ ಜಿಲ್ಲೆಯಿಂದ ಬಂದು ಇಲ್ಲಿ ಗುತ್ತಿಗೆ ಭೂಮಿ ಮಾಡುತ್ತಿದ್ದ ಒಬ್ಬಾಕೆ ಒದ್ದೆ ಗೋಧಿಯನ್ನು ಚಾಪೆಯ ಮೇಲೆ ಹರಡುತ್ತಿದ್ದರು. ಫೋಟೊ ತೆಗೆಯಲೇ ಎಂದು ಕೇಳಿದೆ. ಎದ್ದು ಸೆರಗು ಸರಿಮಾಡಿಕೊಂಡು, "ತೆಗೀರಿ ಭೈಯ್ಯಾ, ಆಮೇಲೆ ನನಗೂ ತೋರಿಸಿ" ಎಂದರು. ತೋರಿಸುತ್ತೇನೆ ಎಂದೆ. ಮನೆಗೆ ಬಂದು ನನ್ನ ವೆಬ್‌ಸೈಟಿಗೂ ಮನೆಯವರ ಗುಂಪಿಗೂ ಹಾಕಿದೆ. ಆಕೆಗೆ ಮಾತ್ರ ತೋರಿಸಲಿಲ್ಲ.

ಜಾಹೀರಾತು ನೋಡಿದಾಗ ಬಂದ ಮೊದಲ ಸಿಟ್ಟು ನನ್ನ ಹೆಸರಿನದು. ಫೋನ್ ಮಾಡಿ ಬೈಯಬೇಕೆನ್ನಿಸಿತು. ಹಾಗೆ ಮಾಡಲಿಲ್ಲ, ಒಳ್ಳೆಯದೇ ಆಯಿತು. ನಿಮಗೂ ಹೀಗಾದರೆ ಮೊದಲು ಸಾಕ್ಷ್ಯ ಹಿಡಿದಿಡಿ, ಬೈಗುಳ ಆಮೇಲೆ. ಫೋನ್ ಮಾಡಿದ ಮರುನಿಮಿಷ ಅವರು ಪುಟ ಅಳಿಸಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ವೆಬ್ ವಿಳಾಸ, ದಿನಾಂಕ ಕಾಣುವಂತೆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ವೇಬ್ಯಾಕ್ ಮಷೀನಿನಲ್ಲಿ ಒಂದು ಪ್ರತಿ ಉಳಿಸಿದೆ. ಗೂಗಲ್ ಲೆನ್ಸಿಗೆ ನನ್ನ ಚಿತ್ರ ಕೊಟ್ಟು ಹುಡುಕಿದರೆ ಅದೇ ಜಾಹೀರಾತು ಹಿಂದಿಯಲ್ಲೂ ತೆಲುಗಿನಲ್ಲೂ ಸಿಕ್ಕಿತು. ಪ್ರತಿ ಭಾಷೆಯಲ್ಲೂ ಆಕೆಗೆ ಬೇರೆ ಹೆಸರು, ಬೇರೆ ಊರು. ಕ್ಯಾಮೆರಾದ ಮೂಲ ಕಡತ ನನ್ನ ಹಾರ್ಡ್‌ಡಿಸ್ಕಿನಲ್ಲಿತ್ತು. ತೆಗೆದ ದಿನ, ಹೊತ್ತು ಎಲ್ಲ ಅದರೊಳಗೇ ಇರುತ್ತದೆ.

ಕಂಪನಿಗೆ ಪತ್ರ ಬರೆದೆ. ಉತ್ತರ ವಿನಯವಾಗಿಯೇ ಬಂತು: ಚಿತ್ರ ಗೂಗಲ್‌ನಲ್ಲಿ ಸಿಕ್ಕಿತು, ಉಚಿತವೆಂದುಕೊಂಡೆವು, ಬೇಕಾದರೆ ನಿಮ್ಮ ಹೆಸರು ಹಾಕುತ್ತೇವೆ. ಆ ಸುಳ್ಳಿನ ಕೆಳಗೆ ನನ್ನ ಹೆಸರೇ!

ಗೆಳೆಯರೊಬ್ಬರ ಮೂಲಕ ಕಡ್ಕಡ್‌ಡೂಮಾ ನ್ಯಾಯಾಲಯದ ಒಬ್ಬ ವಕೀಲರನ್ನು ಕಂಡೆ. ಅವರು ಹೇಳಿದ್ದು ಧೈರ್ಯ ತಂದಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊ ಕೂಡ ಕಲಾಕೃತಿಯೇ. ನೋಂದಣಿ ಕಡ್ಡಾಯವಲ್ಲ, ತೆಗೆದ ಗಳಿಗೆಯಿಂದ ಹಕ್ಕು ತೆಗೆದವನದು. (ಹಣ ಕೊಟ್ಟು ತೆಗೆಸಿದ ಮದುವೆ ಫೋಟೊ ಬೇರೆ. ಬೇರೆ ಒಪ್ಪಂದವಿಲ್ಲದಿದ್ದರೆ ಅದರ ಹಕ್ಕು ತೆಗೆಸಿದವರದು.) 62ನೇ ಕಲಮಿನ ಪ್ರಕಾರ ನಾನಿರುವ ಊರಿನಲ್ಲೇ ದಾವೆ ಹೂಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಬೇರೆಯವರ ತಾಣಗಳಲ್ಲಿ ಚಿತ್ರವಿದ್ದರೆ 2013ರ ನಿಯಮಗಳ 75ನೇ ನಿಯಮದಡಿ ಆ ತಾಣಕ್ಕೆ ದೂರು ಕೊಡಬಹುದು. 36 ಗಂಟೆಗಳೊಳಗೆ ಅವರು ಅದನ್ನು ತಡೆಹಿಡಿಯಬೇಕು. 21 ದಿನಗಳಲ್ಲಿ ನಾವು ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು.

ಇಷ್ಟು ಹೇಳಿ ವಕೀಲರು ಕನ್ನಡಕ ತೆಗೆದು ಕೇಳಿದರು, "ಆಕೆಯ ಒಪ್ಪಿಗೆ ಪತ್ರ ಇದೆಯಾ?"

ನನ್ನ ಹತ್ತಿರ ಇರಲಿಲ್ಲ.

ಕೃತಿಸ್ವಾಮ್ಯ ಚಿತ್ರವನ್ನು ಕಾಯುತ್ತದೆ, ಚಿತ್ರದೊಳಗಿನ ಮನುಷ್ಯರನ್ನಲ್ಲ. 2007ರಲ್ಲಿ ಆಸ್ಟ್ರೇಲಿಯಾದ ವರ್ಜಿನ್ ಮೊಬೈಲ್ ಕಂಪನಿ ಅಮೆರಿಕದ ಟೆಕ್ಸಾಸಿನ ಹುಡುಗಿಯೊಬ್ಬಳ ಚಿತ್ರವನ್ನು ಫ್ಲಿಕರ್ ತಾಣದಿಂದ ತೆಗೆದು ಜಾಹೀರಾತಿಗೆ ಹಾಕಿತ್ತು. ಫೋಟೊ ತೆಗೆದವರು ಯಾರು ಬೇಕಾದರೂ ವ್ಯಾಪಾರಕ್ಕೆ ಬಳಸಬಹುದು ಎಂಬ ಪರವಾನಗಿಯಲ್ಲಿ ಅದನ್ನು ಹಾಕಿದ್ದರು. ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಮೊಕದ್ದಮೆ ಹೂಡಿದರು. ಆ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲಿನ ನ್ಯಾಯಾಲಯ ಅದನ್ನು ಕೈಬಿಟ್ಟಿತು. ನಮ್ಮಲ್ಲಿ 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಒಬ್ಬರ ಹೆಸರನ್ನೋ ಚಹರೆಯನ್ನೋ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದಿದೆ. ಆ ಹಕ್ಕು ನನ್ನದಲ್ಲ, ಆಕೆಯದು.

ಆಕೆಯನ್ನು ಹುಡುಕಲು ಎರಡು ಭಾನುವಾರ ಹಿಡಿಯಿತು. ಜೋಪಡಿ ಮೊದಲಿದ್ದ ಜಾಗದಲ್ಲಿರಲಿಲ್ಲ. ಚಿತ್ರ ತೋರಿಸುತ್ತ ಹೊಲದಿಂದ ಹೊಲಕ್ಕೆ ಹೋದೆ. ಕೊನೆಗೆ ಮೂಲಂಗಿ ತೊಳೆಯುತ್ತಿದ್ದ ಹುಡುಗನೊಬ್ಬ "ಇದು ನಮ್ಮ ತಾಯಿ" ಎಂದ.

ಮೊದಲು ಮೂಲ ಚಿತ್ರ ತೋರಿಸಿದೆ. "ಈಗ ನೆನಪಾಯ್ತಾ?" ಎಂದು ನಕ್ಕರು. ಆಮೇಲೆ ಜಾಹೀರಾತು ತೋರಿಸಿ, ಬರೆದದ್ದನ್ನು ಹಿಂದಿಯಲ್ಲಿ ಹೇಳಿದೆ. ಬೇರೆ ಊರು, ಬೇರೆ ಹೆಸರು ಕೇಳಿ ಮತ್ತೆ ನಗು. ವಿಮೆಯ ಹಣದ ಮಾತು ಬಂದಾಗ ನಗು ನಿಂತಿತು.

"ನನಗೆ ದುಡ್ಡು ಸಿಕ್ಕಿದೆ ಅಂತ ಬರೆದಿದ್ದಾರಾ? ಇದನ್ನ ಇಲ್ಲಿಯವರು ನೋಡಿದ್ರೆ?"

ನನಗೆ ಹೊಳೆಯದೇ ಇದ್ದ ವಿಷಯ ಅದು. ಪ್ರವಾಹದ ವರ್ಷ ದೆಹಲಿ ಸರ್ಕಾರ ಕುಟುಂಬಕ್ಕೆ 10,000 ರೂಪಾಯಿ ಪರಿಹಾರ ಘೋಷಿಸಿತ್ತು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ಜಗಳ ಖಾದರಿನಲ್ಲಿ ಇನ್ನೂ ಆರಿರಲಿಲ್ಲ. ಆಕೆಗೆ ಬಂದಿರಲಿಲ್ಲ. ಈ ಜಾಹೀರಾತು ಅಕ್ಕಪಕ್ಕದ ಒಂದು ಫೋನಿಗೆ ಬಂದರೆ ಸಾಕು, ಆಕೆ ಹಣ ಮುಚ್ಚಿಟ್ಟುಕೊಂಡವರಾಗುತ್ತಾರೆ. ಗುತ್ತಿಗೆ ಬಾಕಿ ಕೇಳುವವನು ಮರುದಿನವೇ ಬಾಗಿಲಿಗೆ ಬರುತ್ತಾನೆ. ನನ್ನ ಹೆಸರು ಕತ್ತರಿಸಿದ್ದಕ್ಕೆ ನಾನು ಹದಿನೈದು ದಿನ ಕುದಿದಿದ್ದೆ.

ಎರಡನೆಯ ನೋಟಿಸನ್ನು ಆಕೆಯ ಮಾತನ್ನೂ ಸೇರಿಸಿ ವಕೀಲರ ಕೈಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಮೂರು ಬೇಡಿಕೆ: ಎಲ್ಲ ಭಾಷೆಗಳ ಜಾಹೀರಾತನ್ನೂ ತೆಗೆಯಬೇಕು, ಈಕೆ ತಮ್ಮ ಗ್ರಾಹಕರಲ್ಲ, ವಿಮೆಯ ಹಣ ಪಡೆದಿಲ್ಲ ಎಂದು ಬರೆದುಕೊಡಬೇಕು, ಬಳಸಿದ್ದಕ್ಕೆ ಶುಲ್ಕ ಕೊಡಬೇಕು. ಮೊದಲ ಪತ್ರಕ್ಕೆ ಹೆಸರು ಹಾಕುತ್ತೇವೆ ಎಂದವರು ಈ ಸಲ ತಾವೇ ಫೋನ್ ಮಾಡಿದರು. ಕದ್ದ ಚಿತ್ರಕ್ಕಿಂತ ಸುಳ್ಳು ಗ್ರಾಹಕಿ ಅವರಿಗೆ ದೊಡ್ಡ ತಲೆನೋವು. ಆರು ವಾರಗಳಲ್ಲಿ 40,000 ರೂಪಾಯಿ ಮತ್ತು ಒಂದು ಪತ್ರ ಬಂತು. ದಾವೆಗೆ ಹೋಗಿದ್ದರೆ ಹೆಚ್ಚು ಸಿಗುತ್ತಿತ್ತೇನೋ, ವರ್ಷಗಳೂ ಹೋಗುತ್ತಿದ್ದವು. ಆಕೆಗೆ ಬೇಕಾಗಿದ್ದದ್ದು ಪತ್ರ, ಅದೂ ಬೇಗ.

ವಕೀಲರ ಶುಲ್ಕ ಕಳೆದು ಉಳಿದ 32,000ದಲ್ಲಿ ಅರ್ಧವನ್ನು ತೆಗೆದುಕೊಂಡು ಹೋದೆ. ಅರ್ಧ ಯಾಕೆ, ಪೂರ್ತಿ ಯಾಕಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ, ಸರಿಯಾದ ಉತ್ತರ ಸಿಕ್ಕಿಲ್ಲ. ಆಕೆ ನೋಟುಗಳನ್ನು ಎಣಿಸಿ, "ಇದಕ್ಕೆ ಹೆಬ್ಬೆಟ್ಟು ಒತ್ತಬೇಕಾ?" ಎಂದರು. ಬೇಡ ಎಂದೆ. ಕಂಪನಿಯ ಪತ್ರದ ಹಿಂದಿ ಪ್ರತಿಯನ್ನು ಮಗನಿಂದ ಎರಡು ಸಲ ಓದಿಸಿಕೊಂಡು, ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರು. ನಾನು ಮಾಡಿಸಿ ತಂದಿದ್ದ ಫೋಟೊವನ್ನೂ ಅದರಲ್ಲೇ ಇಟ್ಟರು.

ನನ್ನ ವೆಬ್‌ಸೈಟಿನಿಂದ ಆ ಚಿತ್ರ ತೆಗೆದಿದ್ದೇನೆ. ಈಗ ಯಾರದಾದರೂ ಮುಖ ತೆಗೆದರೆ ಅವರ ಫೋನ್ ನಂಬರ್ ಬರೆದುಕೊಂಡು ಅಂದೇ ಚಿತ್ರ ಕಳಿಸುತ್ತೇನೆ, ಎಲ್ಲಿ ಹಾಕುತ್ತೇನೆಂದು ಹೇಳುತ್ತೇನೆ. ಬೇಡ ಎಂದವರೂ ಇದ್ದಾರೆ.

ವಾಟ್ಸಾಪಿನಲ್ಲಿ ಹರಿದದ್ದನ್ನು ಮಾತ್ರ ಯಾವ ನೋಟಿಸೂ ಹಿಂದಕ್ಕೆ ತರುವುದಿಲ್ಲ. ಹೋದ ತಿಂಗಳು ಅದೇ ಜಾಹೀರಾತು ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಬಂತು. "ಈಕೆಗೆ ಯಾವ ವಿಮೆಯೂ ಸಿಕ್ಕಿಲ್ಲ. ಇಲ್ಲೇ ಖಾದರಿನಲ್ಲಿದ್ದಾರೆ, ನೀವು ಕೊಳ್ಳುವ ಮೂಲಂಗಿ ಅವರದೇ ಇರಬಹುದು" ಎಂದು ಬರೆದೆ. ಕಳಿಸುವ ಮುಂಚೆ ಎರಡನೆಯ ವಾಕ್ಯ ಅಳಿಸಿದೆ. ಅದನ್ನು ಹೇಳಲೂ ಆಕೆಯನ್ನು ಕೇಳಿರಲಿಲ್ಲ.