ಚಾಸಿಗೆ ತೂತು ಹೊಡೆಯುವ ಮುಂಚೆ

ಲಾರಿಯಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಬದಲಾಯಿಸಬಹುದು. ಟೈರು ಸವೆದರೆ ಹೊಸದು, ಬಾಡಿ ಹಳತಾದರೆ ಹೊಸದು. ಎಂಜಿನ್ ಕೂಡ ಆರ್‌ಟಿಓ ಒಪ್ಪಿಗೆ ಪಡೆದು ಬೇರೆ ಕೂರಿಸಬಹುದು. ಚಾಸಿ ಮಾತ್ರ ಹಾಗಲ್ಲ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಒತ್ತಿರುವುದು ಅದರ ಮೇಲೇ. ಅದಕ್ಕೆ ತೂತು ಹೊಡೆಯುವ ಮಾತು ಬಂದಾಗ ನಮ್ಮಲ್ಲಿ ಒಂದು ವಾರ ಚರ್ಚೆ ನಡೆಯಿತು.

ಪುಣೆಯ ನಿಗಡಿಯಲ್ಲಿ ನಮ್ಮ ಭಾವನ ಹತ್ತು ಚಕ್ರದ ಲಾರಿ ಇದೆ, ಲೆಕ್ಕಪತ್ರ ನನ್ನದು. ಓಡಿಸುವವರು ವಿಜಯಪುರ ಕಡೆಯ ಕಾಕಾ. ಅವರು ಕೇಳಿದ್ದು ಎರಡೇ: 50 ಲೀಟರಿನ ನೀರಿನ ಟ್ಯಾಂಕು, ಸ್ಟವ್ ಮತ್ತು ಪಾತ್ರೆಗೆ ಒಂದು ಕಬ್ಬಿಣದ ಪೆಟ್ಟಿಗೆ. “ಪಂಪಿನ್ಯಾಗ ಮಾರಿ ತೊಳಿಯಾಕ ನೀರ್ ಕೇಳಿದ್ರ ಹೊರಗ ಹೋಗು ಅಂತಾರ, ಅಕ್ಕಾರ. ನನ್ನ ನೀರು ನನ್ನ ಗಾಡ್ಯಾಗ ಇರ್ಲಿ,” ಎಂದರು. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯಲ್ಲೇ ಇರುವವರಿಗೆ ಇದು ಶೋಕಿಯಲ್ಲ. ಗ್ಯಾರೇಜಿನ ಮೇಸ್ತ್ರಿ ಡ್ರಿಲ್ ಹಿಡಿದೇ ನಿಂತಿದ್ದ: ಎಂಟು ತೂತು, ಒಂದು ತಾಸಿನ ಕೆಲಸ.

ಲಾರಿಯ ಫ್ರೇಮ್ ನೋಡಲು ಏಣಿಯಂತೆ. ಉದ್ದದ ಎರಡು ಚಾನೆಲ್, ನಡುವೆ ಅಡ್ಡಪಟ್ಟಿಗಳು. ಚಾನೆಲ್ಲಿನ ಆಕಾರ ಇಂಗ್ಲಿಷಿನ ‘ಸಿ’ ಅಕ್ಷರದ್ದು: ಮೇಲೊಂದು ಅಂಚು, ಕೆಳಗೊಂದು ಅಂಚು, ನಡುವೆ ನಿಂತ ಬದಿ. ಲೋಡು ಬಿದ್ದಾಗ ಬಾಗುವಿಕೆಯ ಒತ್ತಡವನ್ನು ಹೆಚ್ಚಾಗಿ ಹೊರುವುದು ಆ ಎರಡು ಅಂಚುಗಳು. ಆಕ್ಸಲ್‌ಗಳ ನಡುವೆ ಮೇಲಿನ ಅಂಚು ಅದುಮಿಸಿಕೊಳ್ಳುತ್ತದೆ, ಕೆಳಗಿನದು ಎಳೆಸಿಕೊಳ್ಳುತ್ತದೆ. ನಿಂತ ಬದಿಯ ಮಧ್ಯದಲ್ಲಿ ಈ ಎಳೆತ ತೀರ ಕಡಿಮೆ. ಕಂಪನಿಗಳು ಬಾಡಿ ಕಟ್ಟುವವರಿಗೆ ಕೊಡುವ ಪುಸ್ತಕಗಳು ಅಂಚಿಗೆ ತೂತು ಹೊಡೆಯಬೇಡಿ, ಮೊದಲೇ ಇರುವ ತೂತು ಬಳಸಿ ಎನ್ನುವುದು ಇದಕ್ಕೇ.

ತೂತೆಂದರೆ ಅಷ್ಟು ಕಬ್ಬಿಣ ಕಮ್ಮಿಯಾಯಿತು ಎಂದಷ್ಟೇ ಅಲ್ಲ. ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ತೂತಿದ್ದು ತಗಡನ್ನು ಎಳೆದರೆ, ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ಜರ್ಮನಿಯ ಕಿರ್ಶ್ ಇದನ್ನು 1898ರಲ್ಲೇ ಲೆಕ್ಕ ಹಾಕಿ ತೋರಿಸಿದ. ಪ್ರತಿ ಗುಂಡಿಗೂ ಫ್ರೇಮ್ ಒಮ್ಮೆ ಬಾಗಿ ಏಳುತ್ತದೆ. ಲಕ್ಷಾಂತರ ಸಲ ಹೀಗಾದ ಮೇಲೆ ಕೂದಲೆಳೆಯಷ್ಟು ಬಿರುಕು ಶುರುವಾಗುವುದು ಅಂಥ ಕಡೆಯೇ. ಡ್ರಿಲ್ ಬಿಟ್ಟುಹೋದ ಚೂಪು ಅಂಚು, ಬಣ್ಣ ಕಾಣದ ತುಕ್ಕು ಅದಕ್ಕೆ ಇನ್ನಷ್ಟು ನೆರವು.

“ಎಲ್ಲಾ ಗಾಡಿಗೂ ತೂತ್ ಅದಾವ. ಯಾವ್ದು ಮುರದೈತ್ರೀ?” ಎಂದು ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ತೂತು ಹೊಡೆದವನು ಬಿರುಕು ನೋಡಲು ಅಲ್ಲಿರುವುದಿಲ್ಲ. ಲೋಡು ಹೇರಿಕೊಂಡು ಖಂಬಾಟಕಿ ಘಾಟ್ ಹತ್ತುವಾಗ ಅದರ ಮೇಲೆ ಕೂತಿರುವವರು ಕಾಕಾನೇ. ಅವರ ಸ್ನಾನದ ನೀರಿಗೂ ಅವರ ಜೀವಕ್ಕೂ ನಡುವೆ ಒಂದನ್ನು ಆರಿಸುವಂತೆ ಆಗಬಾರದು ಎನ್ನುವುದಷ್ಟೇ ನನ್ನ ವಾದ.

ಕೊನೆಗೆ ಟಾರ್ಚ್ ಹಿಡಿದು ಮೂವರೂ ಲಾರಿಯ ಕೆಳಗೆ ನುಸುಳಿದೆವು. ಕ್ಯಾಬಿನ್ನಿನ ಹಿಂದೆ, ಎಡಗಡೆಯ ನಿಂತ ಬದಿಯಲ್ಲಿ ಕಂಪನಿಯದೇ ನಾಲ್ಕು ಖಾಲಿ ತೂತುಗಳಿದ್ದವು. ಅವಕ್ಕೆ ಸರಿಹೊಂದುವ ಬ್ರಾಕೆಟ್ ಮಾಡಿಸಿ ಟ್ಯಾಂಕು ಕೂರಿಸಿದೆವು. ತೂಕ ಹೊರಗೆ ಚಾಚಿದಷ್ಟೂ ಚಾನೆಲ್ ತಿರುಚಿಕೊಳ್ಳುತ್ತದೆಂದು ಟ್ಯಾಂಕನ್ನು ಫ್ರೇಮಿಗೆ ಆದಷ್ಟು ಹತ್ತಿರ ಇಟ್ಟೆವು. ಪೆಟ್ಟಿಗೆಯನ್ನು ಚಾಸಿಗೆ ಕಟ್ಟದೆ ಬಾಡಿಯ ಅಡ್ಡ ಚಾನೆಲ್ಲಿಗೆ ಬಿಗಿದೆವು. ತಾಸಿನ ಕೆಲಸಕ್ಕೆ ಎರಡು ದಿನ ಹಿಡಿಯಿತು, ಒಂದು ಟ್ರಿಪ್ ತಪ್ಪಿತು. ಆ ಟ್ರಿಪ್ಪಿನ ಭತ್ಯೆಯನ್ನು ಭಾವ ಕಾಕಾಗೆ ಕೊಟ್ಟರು. ಕೊಡದೇ ಹೋಗಿದ್ದರೆ ನಮ್ಮ ಎಚ್ಚರಿಕೆಯ ಖರ್ಚು ಅವರ ಜೇಬಿನಿಂದ ಹೋಗುತ್ತಿತ್ತು.

ಖಾಲಿ ತೂತು ಸಿಗದಿದ್ದರೆ? ಕಂಪನಿಯ ಪುಸ್ತಕ ಒಪ್ಪುವ ಜಾಗದಲ್ಲಿ, ನಿಂತ ಬದಿಯಲ್ಲಿ, ಒಳಗಿನ ಏರ್ ಪೈಪು, ವೈರು ನೋಡಿಕೊಂಡು ಹೊಡೆದು, ಅಂಚು ಉಜ್ಜಿ ಬಣ್ಣ ಬಳಿಯಬಹುದು. ತೂತು ಹೊಡೆಯುವುದೇ ಪಾಪವಲ್ಲ. ಎಲ್ಲಿ ಎಂದು ಕೇಳದೆ ಹೊಡೆಯುವುದು ಅಪಾಯ.

ನೀವು ಹಳೇ ಲಾರಿ ಕೊಳ್ಳುವವರಾದರೆ ಬಾಡಿಯ ಬಣ್ಣ ಆಮೇಲೆ ನೋಡಿ. ಮೊದಲು ಕೆಳಗೆ ನುಸುಳಿ, ಚಾಸಿಯ ಅಂಚಿನ ಮೇಲೆ ಬೆರಳಾಡಿಸಿ. ಹಿಂದಿನ ಮಾಲೀಕ ಎಂಥವನೆಂದು ಅಲ್ಲೇ ತಿಳಿಯುತ್ತದೆ.