ಅರಳಸುರಳಿಯಲ್ಲಿ ಒಂದು ಮಳೆಯ ರಾತ್ರಿ

ಕಳೆದ ಆಷಾಢದಲ್ಲಿ ಹಳೆಯ ಶಿಷ್ಯನೊಬ್ಬನ ಆಹ್ವಾನವನ್ನು ಮೀರಲಾರದೆ ತೀರ್ಥಹಳ್ಳಿ ಸೀಮೆಯ ಅರಳಸುರಳಿಗೆ ಹೋಗಿದ್ದೆನು. ಮಲೆನಾಡಿನ ಮಳೆಯ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವರಾದುದರಿಂದ ಇಲ್ಲಿ ಬೆಳೆಸುವುದಿಲ್ಲ. ಬಸ್ಸಿಳಿದು, ಗದ್ದೆಯ ಅಂಚಿನಲ್ಲಿ ನಡೆದು, ಅಡಿಕೆಮರದ ಸಂಕವನ್ನು ಜೀವ ಕೈಯಲ್ಲಿ ಹಿಡಿದು ದಾಟಿ ಮನೆ ಸೇರುವಷ್ಟರಲ್ಲಿ, ಛತ್ರಿಯಿದ್ದೂ ತೊಯ್ದು ತೊಪ್ಪೆಯಾಗಿದ್ದೆನು. ಬಚ್ಚಲೊಲೆಯ ಬಿಸಿನೀರಿನಿಂದಲೂ ಪತ್ರೊಡೆಯಿಂದಲೂ ದೇಹಕ್ಕೆ ಚೈತನ್ಯ ಬಂದಿತು. ಅಷ್ಟರಲ್ಲಿ ವಿದ್ಯುದ್ದೀಪವು ಆರಿತು.

ಜಗುಲಿಯಲ್ಲಿ ಲಾಟೀನಿನ ಮುಂದೆ ಎಂಬತ್ತು ವರ್ಷದ ಶಿಷ್ಯಮಾತೆ ಕುಳಿತಿದ್ದರು. ಮಗ್ಗುಲಲ್ಲಿ ರಟ್ಟು ಕಿತ್ತ ಪುಸ್ತಕಗಳು, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ, ಐನೂರರಷ್ಟು ಕಾದಂಬರಿಗಳನ್ನು ಬರೆದು, 2011ರಲ್ಲಿ ತೀರಿಕೊಂಡ ಆ ಮಹನೀಯರ ಪತ್ತೇದಾರ ಪುರುಷೋತ್ತಮನನ್ನು ಅರಿಯದ ಓದುಗರು ಒಂದು ಕಾಲದಲ್ಲಿ ವಿರಳ.

ನನ್ನ ಎದೆ ಅಳುಕಿತು. 1990ರ ಸುಮಾರಿಗೆ ಈ ಶಿಷ್ಯನ ಚೀಲದಿಂದ ಅಂತಹುದೇ ಒಂದನ್ನು ಕಸಿದು ಬೀರುವಿನಲ್ಲಿಟ್ಟಿದ್ದೆನು; ಅದು ಗೆದ್ದಲಿಗೆ ಆಹಾರವಾಯಿತು. ಮೃಚ್ಛಕಟಿಕದ ಶರ್ವಿಲಕನು ಕನ್ನ ಕೊರೆಯುವ ವಿಧಾನವನ್ನು ರಸವತ್ತಾಗಿ ಪಾಠ ಹೇಳುತ್ತಿದ್ದ ನನಗೆ ಪುರುಷೋತ್ತಮನು ಮಾತ್ರ ವರ್ಜ್ಯನಾಗಿದ್ದನು!

“ಆ ಪುಸ್ತಕ ನಂದು ಮೇಷ್ಟ್ರೇ,” ಎಂದರು ಆಕೆ, ನಗುತ್ತ. “ನಾನು ಸರಾಗವಾಗಿ ಓದೋಕೆ ಕಲ್ತಿದ್ದೇ ಪುರುಷೋತ್ತಮನ ದೆಸೆಯಿಂದ. ಅದಕ್ಕೂ ಮುಂಚೆ ಓದಿದ ಮೂರ್ನಾಲ್ಕು ಸಪ್ಪೆ. ಇವನ ಕಥೆ ಮುಗೀತು ಅಂದ್ಕೊಂಡಿದ್ದೆ. ಅದರಲ್ಲಿ ಹಳೇ ಪುರುಷೋತ್ತಮ ಮತ್ತೆ ಬಂದಿದ್ದ. ಕೊನೇ ಇಪ್ಪತ್ತು ಪುಟ ಇತ್ತು, ಈ ಮಾಣಿ ಶಾಲೆಗೆ ಒಯ್ದ.”

ಮಾತು ಮರೆಸಲು ನಾನು ಷರ್ಲಾಕ್ ಹೋಮ್ಸನ ಪ್ರಸಂಗವನ್ನೆತ್ತಿದೆನು. ಕಾನನ್ ಡಾಯ್ಲನು ಬೇಸತ್ತು 1893ರಲ್ಲಿ ಅವನನ್ನು ಜಲಪಾತಕ್ಕೆ ಕೆಡವಿ, 1903ರಲ್ಲಿ ಬದುಕಿಸಿ ತಂದನು. ಜಪಾನಿ ಮಲ್ಲವಿದ್ಯೆಯ ಬಲದಿಂದ ಉಳಿದನೆಂಬುದು ನನಗೇನೋ ಒಪ್ಪಿಗೆಯಾಗದು. ಆದರೆ 1904ರ ನೆಪೋಲಿಯನ್ ಪ್ರತಿಮೆಗಳ ಕಥೆಯ ಮಾತೇ ಬೇರೆ. ಯಾವನೋ ಅಲ್ಲಲ್ಲಿ ನುಗ್ಗಿ ಪ್ರತಿಮೆಗಳನ್ನು ಒಡೆಯುತ್ತಾನೆ. ಹುಚ್ಚನೆಂದೇ ಎಲ್ಲರ ಎಣಿಕೆ. ಹತ್ತಿರದ ಪಾಳುಮನೆಯನ್ನು ಬಿಟ್ಟು ಬೀದಿದೀಪದ ಕೆಳಗೇ ಏಕೆ ಒಡೆದನೆಂದು ಹೋಮ್ಸನು ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ಹಳೆಯ ಹೋಮ್ಸನು ನನಗೆ ಕಂಡನು.

“ಬೆಳಕು ಬೇಕಿತ್ತು. ಏನೋ ಹುಡುಕ್ತಿದ್ದ,” ಎಂದರು ಆಕೆ, ಕ್ಷಣವೂ ತಡೆಯದೆ.

“ಕಪ್ಪು ಮುತ್ತು.”

“ನಿಮ್ಮ ಕಥೆ ಮುಗೀತು. ನಂದು? ಕೊಲೆ ಮಾಡಿದ್ದು ಆ ಡಾಕ್ಟ್ರೇನಾ? ನೀವಾದ್ರೂ ಓದಿದ್ರಾ?”

ನಾನು ಓದಿರಲಿಲ್ಲ. ಪುಸ್ತಕದ ಹೆಸರು ಆಕೆಗೂ ನೆನಪಿಲ್ಲ. ಈಗ ಹಳೆಯ ಪುಸ್ತಕದಂಗಡಿಗಳಲ್ಲಿ ನರಸಿಂಹಯ್ಯನವರ ಹೆಸರು ಕಂಡರೆ, ಕೊನೆಯ ಪುಟಗಳಲ್ಲಿ ಡಾಕ್ಟರನೊಬ್ಬನಿರುವನೋ ಎಂದು ಮೊದಲು ನೋಡುತ್ತೇನೆ. ಇದುವರೆಗೆ ಏಳು ಪುಸ್ತಕಗಳನ್ನು ಅರಳಸುರಳಿಗೆ ಅಂಚೆಯಲ್ಲಿ ಕಳುಹಿಸಿರುವೆನು. ಯಾವುದೂ ಅದಲ್ಲವಂತೆ, ಎರಡು ಮಾತ್ರ ಚೆನ್ನಾಗಿದ್ದುವಂತೆ.